ಅಪ್ಪನಿಗೆ ಓದಿ ಹೇಳು, ಲೆಕ್ಕ ಸಮೇತ

ಕೊಲೋನ್, ಜರ್ಮನಿ
ನವೆಂಬರ್ 16, ಆದಿತ್ಯವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಮುಳ್ಳೇರಿಯದ ಹುಡುಗ ನಿನ್ನೆ ಬಂದು ಹಲಸಿನ ಹಪ್ಪಳದ ಕಟ್ಟು ಮತ್ತು ನಿನ್ನ ಕಾಗದ ಕೊಟ್ಟು ಹೋದ. ಹಪ್ಪಳ ಒಂದೂ ಮುರಿದಿಲ್ಲ. ಕಾಗದ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ವಿಡಿಯೋದಲ್ಲಿ ಕೇಳಿದಾಗಲೆಲ್ಲ ನೀನು "ಎಂತದ್ದೂ ಇಲ್ಲ, ಅಪ್ಪನಿಗೆ ಸ್ವಲ್ಪ ಬಚ್ಚುತ್ತದೆ ಅಷ್ಟೆ" ಎನ್ನುತ್ತಿದ್ದೆ. ಅವರು ಪಕ್ಕದಲ್ಲೇ ಕೂತಿರುವಾಗ ನೀನಾದರೂ ಇನ್ನೇನು ಹೇಳಬೇಕು? ತೋಟದಿಂದ ಮನೆಗೆ ಹತ್ತಿ ಬರುವಾಗ ನೀರಿನ ಸುರಂಗದ ಬಳಿ ಎರಡು ಸಲ ಕೂತರಂತೆ. ಎಡಗೈ ಜೋಮು ಹಿಡಿಯುತ್ತದಂತೆ. ಕಾಸರಗೋಡಿನ ಡಾಕ್ಟರು ಟ್ರೆಡ್‌ಮಿಲ್ ಪರೀಕ್ಷೆ ನೋಡಿ, ಮಂಗಳೂರಿಗೆ ಹೋಗಿ ಆಂಜಿಯೋಗ್ರಾಂ ಮಾಡಿಸಿ ಅಂತ ಬರೆದುಕೊಟ್ಟು ಒಂದು ತಿಂಗಳಾಯಿತಂತೆ. ಆ ಚೀಟಿ ಪಂಚಾಂಗದ ಒಳಗೆ ಇದೆಯಂತೆ. ಒಂದು ತಿಂಗಳು, ಅಮ್ಮ!

ಅದಕ್ಕೆ ನಾನೂ ಕಾಗದವನ್ನೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಅಪ್ಪ "ಆಯ್ತು ಆಯ್ತು, ಇಡ್ತೇನೆ" ಅಂತ ಇಟ್ಟುಬಿಡುತ್ತಾರೆ. ಅಂಚೆಗೆ ಹಾಕಿದರೆ ತಲುಪಲು ತಡ. ಫೋಟೋ ತೆಗೆದು ಪುಟ್ಟನಿಗೆ ಕಳಿಸುತ್ತೇನೆ, ಅವನು ಬದಿಯಡ್ಕದಲ್ಲಿ ಪ್ರಿಂಟ್ ತೆಗೆದು ತರುತ್ತಾನೆ. ಊಟ ಆಗಿ ಅಪ್ಪ ಜಗಲಿಯಲ್ಲಿ ವೀಳ್ಯದ ತಟ್ಟೆ ಎಳೆದುಕೊಂಡ ಮೇಲೆ ಗಟ್ಟಿಯಾಗಿ ಓದು. ನಡುವೆ ಎದ್ದು ಹೋಗಲು ಬಿಡಬೇಡ.

ಇನ್ನು ಮುಂದಿನದು ಅಪ್ಪನಿಗೆ.

ಅಪ್ಪ, ನೀವು ಆಸ್ಪತ್ರೆಗೆ ಹೋಗದಿರಲು ಮೂರು ಕಾರಣ ಹೇಳಿದ್ದೀರಂತೆ. ಅಡಿಕೆ ಕೊಯ್ಲು ಮುಗಿಯಲಿ, ತೋಡಿನ ನೀರಿಗೆ ಕಟ್ಟ ಕಟ್ಟಿ ಆಗಲಿ ಅನ್ನುವ ಎರಡು ನನಗೆ ಅರ್ಥವಾಗುತ್ತದೆ. ಮೂರನೆಯದು: "ಅವಳು ಪ್ಲೇಟು ಮಾಡಿಸಲು ಸಾಲ ಮಾಡಿದ್ದಾಳೆ. ಎಫ್‌ಡಿ ಮುರಿಯುವುದು ಬೇಡ, ಅವಳಿಗೆ ಬೇಕಾದೀತು." ಈ ಮಾತನ್ನು ಅಮ್ಮ ಬರೆದ ಹಾಗೇ ಹತ್ತು ಸಲ ಓದಿದೆ. ನನ್ನ ಹಾಡಿಗೋಸ್ಕರ ನೀವು ಎದೆ ಹಿಡಿದುಕೊಂಡು ಕೂರುವುದಾದರೆ ನಾನು ಹಾಡುವುದು ಯಾರಿಗೆ?

ನನ್ನ ಜಾಜ್ ಹಾಡಿನ ಗ್ರಾಮಫೋನ್ ಪ್ಲೇಟಿಗೆ ಹತ್ತು ಲಕ್ಷ ಸಾಲ ಎಂಬ ಸುದ್ದಿ ಪೆರ್ಲದ ಅತ್ತೆಗೆ ಎಲ್ಲಿಂದ ಸಿಕ್ಕಿತೋ ಗೊತ್ತಿಲ್ಲ. ಅದು ಸುಳ್ಳು. ನೀವು ಅಡಿಕೆ ಲೆಕ್ಕ ಬರೆಯುವ ಡೈರಿಯ ಹಾಗೆಯೇ ನನ್ನದೂ ಒಂದು ಪುಸ್ತಕ ಇದೆ. ಅದನ್ನು ಎದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಒಂದು ಯೂರೋಗೆ ಹೆಚ್ಚುಕಡಿಮೆ ನೂರು ರೂಪಾಯಿ ಅಂತ ಹಿಡಿಯಿರಿ.

ಸ್ಟುಡಿಯೋಗೆ ಎರಡು ದಿನಕ್ಕೆ 1,800 ಯೂರೋ. ಪಿಯಾನೊ, ಡಬಲ್ ಬೇಸ್, ಡ್ರಮ್ಸ್ ನುಡಿಸಿದ ಮೂವರಿಗೆ ತಲಾ 600. ಧ್ವನಿ ಹದ ಮಾಡುವ ಮಿಕ್ಸಿಂಗ್, ಮಾಸ್ಟರಿಂಗ್‌ಗೆ 1,400. 300 ಪ್ಲೇಟು ಒತ್ತಿಸಿ ಹೊದಿಕೆ ಹಾಕಿಸಲು 2,600, 200 ಸಿಡಿಗೆ 400. ಮುಖಪುಟಕ್ಕೆ 700, ಅರ್ಜಿ ಅಂಚೆ ಇತ್ಯಾದಿ 300. ಒಟ್ಟು 9,000. ಇದರಲ್ಲಿ 5,200 ಮೊದಲೇ ಹಣ ಕೊಟ್ಟು ಕಾದಿರಿಸಿದವರದ್ದು. ಇಲ್ಲಿ ಅದು ರೂಢಿ. ಪ್ಲೇಟು ಬರುವ ಮೊದಲೇ ಜನ ನಂಬಿ ಹಣ ಕೊಡುತ್ತಾರೆ, ಬಂದ ಮೇಲೆ ನಾವು ಕಳಿಸಿಕೊಡಬೇಕು. 110 ಪ್ಲೇಟು ಹಾಗೆ ಹೋಯಿತು. ಉಳಿದ 3,800 ನಾನು ಮೂರು ವರ್ಷ ಮಕ್ಕಳಿಗೆ ಹಾಡು ಕಲಿಸಿ ಕೂಡಿಟ್ಟದ್ದು. ಬ್ಯಾಂಕಿನದ್ದು ಒಂದು ಕಾಸೂ ಇಲ್ಲ, ಗೆಳೆಯರ ಕೈಸಾಲವೂ ಇಲ್ಲ.

ರೆಕಾರ್ಡ್ ಕಂಪನಿಯವರಿಗೆ ಕೊಡಬಹುದಿತ್ತಲ್ಲ ಅಂತ ನೀರ್ಚಾಲು ಚಿಕ್ಕಪ್ಪ ಕೇಳಿದ್ದರು. ಒಂದು ಕಂಪನಿ ಮುಂದೆ ಬಂದಿತ್ತು. ರೆಕಾರ್ಡಿಂಗ್ ಖರ್ಚು ನನ್ನದೇ, 200 ಪ್ಲೇಟು ನಾನೇ ಅವರಿಂದ ಕೊಳ್ಳಬೇಕು, ಹಕ್ಕು ಮಾತ್ರ ಹದಿನೈದು ವರ್ಷ ಅವರದ್ದು. ಕಾಗದ ಓದಿ ಮುಚ್ಚಿಟ್ಟೆ. ಮರದಲ್ಲಿರುವ ಅಡಿಕೆಯನ್ನು ಗುತ್ತಿಗೆಗೆ ಕೊಡಬಾರದು, ಒಣಗಿಸಿ ಸುಲಿದು ನಾವೇ ಮಾರಬೇಕು ಅಂತ ನೀವು ಹಟ ಹಿಡಿದದ್ದನ್ನು ನೋಡಿ ಬೆಳೆದವಳು ನಾನು. ಕಷ್ಟ ಜಾಸ್ತಿ, ಆದರೆ ಮಾಲು ನಮ್ಮದು.

ಮಾರಿದ್ದರ ಲೆಕ್ಕ. ಪ್ಲೇಟು ಬಿಡುಗಡೆಯ ಸಂಗೀತ ಕಛೇರಿಯ ದಿನ 25 ಯೂರೋದ 41 ಪ್ಲೇಟು, 15 ಯೂರೋದ 23 ಸಿಡಿ ಹೋಯಿತು, 1,370 ಬಂತು. 18 ಯೂರೋದ 80 ಟಿಕೆಟ್ ಪೂರ್ತಿ ಮುಗಿದು, ಅದರ ನೂರಕ್ಕೆ ಎಪ್ಪತ್ತು ನಮಗೆ, ನಾಲ್ವರಿಗೆ ಹಂಚಿ ನನಗೆ 252. ಆಮೇಲೆ ಬ್ಯಾಂಡ್‌ಕ್ಯಾಂಪ್ ಎಂಬ ಇಂಟರ್ನೆಟ್ಟಿನ ಹಾಡಿನ ಅಂಗಡಿಯಲ್ಲಿ 640. ಜನ ಬರೇ ಹಾಡು ಇಳಿಸಿಕೊಂಡರೆ ನೂರಕ್ಕೆ 15, ಪ್ಲೇಟು ಕೊಂಡರೆ ನೂರಕ್ಕೆ 10 ಅಂಗಡಿಯವರು ಕಮಿಷನ್ ಹಿಡಿಯುತ್ತಾರೆ, ಉಳಿದದ್ದರಲ್ಲಿ ಹೆಚ್ಚಿನದು ನನಗೆ. ಫೋನಿನಲ್ಲಿ ಸುಮ್ನೆ ಕೇಳುವ ಸ್ಪಾಟಿಫೈಯಿಂದ ಏನೂ ನೆಚ್ಚಿಕೊಳ್ಳುವ ಹಾಗಿಲ್ಲ. 2024ರಿಂದ ಒಂದು ಹಾಡನ್ನು ವರ್ಷಕ್ಕೆ ಸಾವಿರ ಸಲವಾದರೂ ಕೇಳದಿದ್ದರೆ ಆ ಹಾಡಿಗೆ ಅವರು ಒಂದು ಪೈಸೆಯೂ ಕೊಡುವುದಿಲ್ಲ. ಹಾಗಾಗಿ ನನ್ನ ಕೈಯಿಂದ ಹೋದದ್ದರಲ್ಲಿ ಇನ್ನು ಬರಬೇಕಾದದ್ದು 1,538. ಸುಮಾರು ಒಂದೂವರೆ ಲಕ್ಷ. 149 ಪ್ಲೇಟು ಮಂಚದ ಕೆಳಗೆ ಇದೆ. ಅದು ಕೊಳೆಯುವ ವಸ್ತು ಅಲ್ಲ, ಬೂಸಲು ಹಿಡಿಯುವುದಿಲ್ಲ, ಮುಂದಿನ ಕಛೇರಿಗಳಲ್ಲಿ ಹೋಗುತ್ತದೆ.

ಕಾಯಿಲೆ ಬಿದ್ದರೆ ಇವಳಿಗೆ ಯಾರು ಅನ್ನುವುದೂ ನಿಮ್ಮ ಚಿಂತೆ. ಇಲ್ಲಿ ಕಲಾವಿದರಿಗೆಂದೇ ಕ್ಯುನ್ಸ್ಟ್ಲರ್‌ಸೊಜಿಯಾಲ್‌ಕಾಸೆ ಅಂತ ಒಂದು ವಿಮೆ ಇದೆ, 1983ರಿಂದ. ಆರೋಗ್ಯ ವಿಮೆಯ ಕಂತಿನಲ್ಲಿ ಅರ್ಧ ನಾನು ಕಟ್ಟಿದರೆ ಸಾಕು. ಉಳಿದರ್ಧ ಸರ್ಕಾರ ಮತ್ತು ಕಲಾವಿದರಿಂದ ಕೆಲಸ ಮಾಡಿಸುವ ಸಂಸ್ಥೆಗಳು ಕೊಡುತ್ತವೆ. ಹಾಡುವವರು, ಚಿತ್ರ ಬರೆಯುವವರು, ಕಥೆ ಬರೆಯುವವರು ಎಲ್ಲರೂ ಅದರಲ್ಲಿದ್ದಾರೆ. ನನಗೆ ಎಂತ ಆದರೂ ಆಸ್ಪತ್ರೆಗೆ ದುಡ್ಡಿನ ಚಿಂತೆ ಇಲ್ಲ. ಚಿಂತೆ ಇರುವುದು ನಿಮ್ಮದೇ.

ಬಾರಿನಲ್ಲಿ ಹಾಡುತ್ತಾಳೆ ಅಂತಲೂ ಅತ್ತೆ ಹೇಳಿದರಂತೆ. ಜಾಜ್ ಕ್ಲಬ್ಬಿನಲ್ಲಿ ಬಿಯರ್ ಮಾರುತ್ತಾರೆ, ಹೌದು. ಆದರೆ ಹಾಡು ಶುರುವಾದ ಮೇಲೆ ಗ್ಲಾಸು ಕೆಳಗಿಡುವ ಸದ್ದೂ ಇರುವುದಿಲ್ಲ. ನಮ್ಮಲ್ಲಿ ಒಳ್ಳೆಯ ತಾಳಮದ್ದಳೆಗೆ ಜನ ಕೂರುತ್ತಾರಲ್ಲ, ಹಾಗೆ. ಒಬ್ಬೊಬ್ಬರು ಅಲ್ಲೇ ಕಟ್ಟಿ ನುಡಿಸುವ ಮನೋಧರ್ಮ ಮುಗಿದಾಗ, ಹಾಡಿನ ನಡುವೆಯೇ ಅವರಿಗೆ ಚಪ್ಪಾಳೆ. ಮೊದಮೊದಲು ಹಾಡು ಮುಗಿಯಿತು ಅಂದುಕೊಂಡು ಚಪ್ಪಾಳೆ ಹೊಡೆಯುತ್ತಿದ್ದಾರೆ ಅಂತ ಭಾವಿಸಿದ್ದೆ. ಈಗ ಅದಿಲ್ಲದಿದ್ದರೆ ಏನೋ ಕಡಿಮೆ ಆದ ಹಾಗೆ ಅನಿಸುತ್ತದೆ.

ಆ ಕಛೇರಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ ಅಪ್ಪ, ಇದನ್ನು ನಿಮಗೇ ಹೇಳಬೇಕು. ಪ್ಲೇಟು ಒತ್ತುವ ಕಾರ್ಖಾನೆಯವರು ಮೊದಲು ಕಳಿಸಿದ ಮಾದರಿಯಲ್ಲಿ ಎರಡನೇ ಬದಿ ಪೂರ್ತಿ ಚಟಪಟ ಸದ್ದು. ಬೇಡ, ಬೇರೆ ಮಾಡಿ ಅಂದೆ. ಮತ್ತೆ ಆರು ವಾರ ಹೋಯಿತು. ಹಾಲ್ ಆಗಲೇ ಗೊತ್ತು ಮಾಡಿ ಆಗಿತ್ತು. ಕೊನೆಗೆ ಕಛೇರಿಯ ದಿನ ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆ ಬಂತು. ಒಂದು ಪ್ಲೇಟು ತೆಗೆದು ಮೂಸಿ ನೋಡಿದೆ. ಅಜ್ಜನ ಗ್ರಾಮಫೋನ್ ಪೆಟ್ಟಿಗೆಯ ವಾಸನೆ ಇರಲಿಲ್ಲ, ಆದರೂ ಕಣ್ಣು ತುಂಬಿತು.

ಅದರಲ್ಲಿ ಅಜ್ಜಿ ಹೇಳುತ್ತಿದ್ದ ಶೋಭಾನೆಯ ಧಾಟಿ ಇದೆ. ಮದುಮಗಳಿಗೆ ಎಣ್ಣೆ ಹಚ್ಚುವಾಗ ಹೇಳುವುದು. ಮೊದಲು ಬೇಸ್ ಒಂದೇ ಶ್ರುತಿ ಹಿಡಿದು ನಿಲ್ಲುತ್ತದೆ, ನಾನು ಅಜ್ಜಿಯ ಹಾಗೆಯೇ ಎಳೆದು ಹಾಡುತ್ತೇನೆ, ಆಮೇಲೆ ಪಿಯಾನೊ ಬಂದು ಎಲ್ಲವನ್ನೂ ಬೇರೆ ದಾರಿಗೆ ಕರೆದುಕೊಂಡು ಹೋಗುತ್ತದೆ. ಸ್ಟುಡಿಯೋದಲ್ಲಿ ಅದು 11 ನಿಮಿಷ ಆಗಿತ್ತು. ಪ್ಲೇಟಿನ ಒಂದು ಬದಿಗೆ ಸುಮಾರು 20 ನಿಮಿಷ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ತುಂಬಿದರೆ ಗೆರೆಗಳು ಒತ್ತೊತ್ತಾಗಿ ಸ್ವರ ಸಣ್ಣದಾಗುತ್ತದೆ. ಅದಕ್ಕೆ ಏಳೂವರೆ ನಿಮಿಷಕ್ಕೆ ಇಳಿಸಬೇಕಾಯಿತು. ಕತ್ತರಿ ಹಾಕಿದ ದಿನ ಊಟ ಸೇರಲಿಲ್ಲ. ಪೂರ್ತಿ ಇರುವುದನ್ನು ಪುಟ್ಟನಿಗೆ ಕಳಿಸಿದ್ದೇನೆ, ಅದನ್ನೇ ಕೇಳಿ.

ವೇದಿಕೆಯಲ್ಲಿ ಆ ಹಾಡಿನ ಎರಡನೇ ನುಡಿ ಮರೆತೇಹೋಯಿತು. ಪೂರ್ತಿ ಖಾಲಿ. ಕಾಲು ತಣ್ಣಗಾಯಿತು. ಆಗ ಬಾಯಿಗೆ ಬಂದದ್ದು ನಿಮ್ಮ ಮದ್ದಳೆಯ ಬಾಯಿತಾಳ. ತಕ ಧಿಮಿ ಅಂತ ಹಿಡಿದೆ, ಡ್ರಮ್ಸಿನವನು ಕಣ್ಣರಳಿಸಿ ಹಿಂದೆಯೇ ಬಂದ, ಎಷ್ಟು ಸುತ್ತು ಹೋದೆವೋ ಗೊತ್ತಿಲ್ಲ. ತಿರುಗಿ ನುಡಿ ಸಿಕ್ಕಾಗ ಜನ ಎದ್ದು ನಿಂತಿದ್ದರು. ಜಾಜಿನಲ್ಲಿ ಹೀಗೆ ಅರ್ಥವಿಲ್ಲದ ಅಕ್ಷರ ಹಿಡಿದು ಹಾಡುವುದಕ್ಕೆ ಸ್ಕ್ಯಾಟ್ ಅನ್ನುತ್ತಾರೆ. 1960ರಲ್ಲಿ ಬರ್ಲಿನ್ನಿನಲ್ಲಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಎಂಬ ದೊಡ್ಡ ಗಾಯಕಿ ಸಾವಿರಾರು ಜನರ ಎದುರು ಸಾಹಿತ್ಯ ಮರೆತು, ಅಲ್ಲೇ ಹೊಸ ಪದ ಕಟ್ಟಿ ಹಾಡಿ ಮುಗಿಸಿದರು. ಆ ಕಛೇರಿಯ ರೆಕಾರ್ಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಪದ ತಪ್ಪಿದ ಭಾಗವತ ತಾಳ ತಪ್ಪದಿದ್ದರೆ ಆಟ ನಿಲ್ಲುವುದಿಲ್ಲ ಅಂತ ನೀವು ಹೇಳುತ್ತಿದ್ದಿರಲ್ಲ, ನನಗೆ ಆ ಹೊತ್ತಿಗೆ ನೆನಪಾದದ್ದು ನೀವು.

ಕಛೇರಿ ಮುಗಿದ ಮೇಲೆ ಒಬ್ಬರು ಮುದುಕರು ಬಂದು ಕೈ ಹಿಡಿದರು. ಚಾರ್ಲಿ ಮ್ಯಾರಿಯಾನೊ ಅವರನ್ನು ಇದೇ ಊರಲ್ಲಿ ಕೇಳಿದವರಂತೆ. ಮ್ಯಾರಿಯಾನೊ ಅಮೆರಿಕದ ಸ್ಯಾಕ್ಸೊಫೋನ್ ವಾದಕ, ನಾಗಸ್ವರವನ್ನೂ ಕಲಿತವರು, ಕೊನೆಗೆ ಕೊಲೋನಿನಲ್ಲೇ ಇದ್ದು 2009ರಲ್ಲಿ ತೀರಿದರು. ಬೆಂಗಳೂರಿನ ಗಾಯಕಿ ಆರ್. ಎ. ರಮಾಮಣಿಯವರ ಜೊತೆ 1983ರಲ್ಲಿ ರೆಕಾರ್ಡ್ ಮಾಡಿದವರು. "ಆ ಹಾಡುಗಾರ್ತಿಯ ಊರಿನವರಾ ನೀವು?" ಅಂತ ಆ ಮುದುಕರು ಕೇಳಿದರು. ಊರು ಬೇರೆ, ಭಾಷೆ ಕನ್ನಡವೇ ಅಂದೆ. ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ನಮ್ಮ ಕದ್ರಿ ಗೋಪಾಲನಾಥರ ಹೆಸರೂ ಅವರಿಗೆ ಗೊತ್ತಿತ್ತು! ನಿಮ್ಮ ಹತ್ತಿರ ಸವೆದುಹೋದ ಕ್ಯಾಸೆಟ್ ಇದೆಯಲ್ಲ, ಅದರ ಕಥೆ ಹೇಳಿದೆ. ಎರಡು ಪ್ಲೇಟು ತೆಗೆದುಕೊಂಡರು, ಚಿಲ್ಲರೆ ವಾಪಸು ಮುಟ್ಟಲಿಲ್ಲ.

ಈ ವಾರ ಊರೆಲ್ಲ ವೇಷದ ಗೌಜಿ ಇತ್ತು. ಹನ್ನೊಂದನೇ ತಿಂಗಳ ಹನ್ನೊಂದನೇ ತಾರೀಕು ಹನ್ನೊಂದು ಗಂಟೆ ಹನ್ನೊಂದು ನಿಮಿಷಕ್ಕೆ ಇವರ ಕಾರ್ನಿವಲ್ ಶುರು. ಮೊನ್ನೆ ಮಂಗಳವಾರ ಬ್ಯಾಂಕಿನ ಮ್ಯಾನೇಜರನಂಥವರೂ ಕೋಡಂಗಿ ಟೊಪ್ಪಿ ಹಾಕಿಕೊಂಡು ಟ್ರಾಮಿನಲ್ಲಿ ಹಾಡುತ್ತಿದ್ದರು. ಆದಿತ್ಯವಾರ ಮಾತ್ರ ಒಂದು ಮೊಳೆ ಹೊಡೆದರೂ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಇವತ್ತು ಅಂಗಡಿಯೂ ಇಲ್ಲ, ಅಭ್ಯಾಸವೂ ಇಲ್ಲ. ಕಾಗದ ಬರೆಯಲು ಒಳ್ಳೆಯದಾಯಿತು.

ಈಗ ಮುಖ್ಯ ವಿಷಯ. ಆಂಜಿಯೋಗ್ರಾಂ ಅಂದರೆ ಎದೆ ಕೊಯ್ಯುವುದಲ್ಲ ಅಪ್ಪ. ಮಣಿಕಟ್ಟಿನ ರಕ್ತನಾಳದಲ್ಲಿ ಸಣ್ಣ ನಳಿಗೆ ಹಾಕಿ ನೋಡುವುದು. ಸಾಧಾರಣವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಬರಬಹುದು. ತಡೆ ಇದ್ದರೆ ಸ್ಟೆಂಟ್ ಎಂಬ ಸಣ್ಣ ಬಲೆಯ ಕೊಳವೆ ಹಾಕುತ್ತಾರೆ. ಅದರ ಬೆಲೆಗೆ 2017ರಿಂದ ಸರ್ಕಾರದ ಮಿತಿ ಇದೆ, ಬಾಯಿಗೆ ಬಂದಷ್ಟು ಕೇಳುವ ಹಾಗಿಲ್ಲ. ನಮಗೆ ಮಂಗಳೂರು ಒಂದೂವರೆ ಗಂಟೆ ದಾರಿ. 2020ರಲ್ಲಿ ಕೊರೊನಾ ಸಮಯ ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನೆನಪಿದೆ ಅಲ್ವಾ? ತಲಪಾಡಿಯಲ್ಲಿ ರೋಗಿಗಳನ್ನು ತಡೆದು ನಿಲ್ಲಿಸಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮ ಕಡೆಯ ಜನ ಸತ್ತರು. ಆಗ ನೀವೇ ಜಗಲಿಯಲ್ಲಿ ಕೂತು "ದಾರಿ ಇದ್ದಾಗ ಹೋಗಬೇಕು" ಅಂದಿದ್ದಿರಿ. ಈಗ ದಾರಿ ಇದೆ.

ಮುಂದಿನ ಸೋಮವಾರ, 24ಕ್ಕೆ, ಪುಟ್ಟ ಹೆಸರು ಬರೆಸಿ ಆಗಿದೆ. ಬೆಳಿಗ್ಗೆ ಆರಕ್ಕೆ ಕಾರು ಬರುತ್ತದೆ. ಎರಡು ಲಕ್ಷ ಅವನ ಖಾತೆಗೆ ಶುಕ್ರವಾರವೇ ಹಾಕಿದ್ದೇನೆ. ಅಮ್ಮನ ಕಾಗದ ಬರುವ ಮೊದಲೇ ಅವನು ಸ್ವಲ್ಪ ಹೇಳಿದ್ದ, ಅವನನ್ನು ಬೈಯಬೇಡಿ. ಎಫ್‌ಡಿ ಹಾಗೇ ಇರಲಿ. ಇನ್ನೊಂದು ಲಕ್ಷ ಇಲ್ಲಿ ಬೇರೆಯೇ ತೆಗೆದಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಐದು ಕಛೇರಿ ಇದೆ, ಪಾಠ ಇದೆ, ಬಾಡಿಗೆ ಕಟ್ಟಿ ಆಗಿದೆ, ಹೀಟರ್ ಇದೆ, ದಪ್ಪ ಕೋಟು ಇದೆ, ಎರಡು ಹೊತ್ತೂ ಅನ್ನ ಮಾಡುತ್ತೇನೆ. ನನಗೆ ಏನೂ ಕಡಿಮೆ ಇಲ್ಲ. ನಿಜವಾಗಿಯೂ ಇಲ್ಲ.

ಸೋಮವಾರದ ತನಕ ಗೊನೆ ತೆಗೆಯುವ ದೋಟಿ ಮುಟ್ಟಬೇಡಿ. ಮೇಲೆ ನೋಡಿಕೊಂಡು ಆ ಉದ್ದದ ಕೋಲು ಹಿಡಿದು ನಿಲ್ಲುವುದು ಈಗ ಬೇಡವೇ ಬೇಡ. ಬಾಬು ತೆಗೆಯಲಿ. ಎಲೆಚುಕ್ಕಿ ರೋಗದಿಂದ ಹೇಗೂ ಫಸಲು ಕಡಿಮೆ, ನಾಲ್ಕು ಗೊನೆ ಉದುರಿ ಬಿದ್ದರೆ ಬೀಳಲಿ. ಕಟ್ಟಕ್ಕೆ ಮಣ್ಣು ಹೊರುವುದೂ ಬೇಡ.

ಅಮ್ಮ, ಸಕ್ಕರೆ ಮಾತ್ರೆಯ ಪಟ್ಟಿ ಆಸ್ಪತ್ರೆಗೆ ತೆಗೆದುಕೊಂಡು ಹೋಗು. ಕೆಲವು ಮಾತ್ರೆ ಮೊದಲೇ ನಿಲ್ಲಿಸಬೇಕಾಗಬಹುದು, ಪುಟ್ಟ ಫೋನ್ ಮಾಡಿ ಕೇಳಲಿ. ಆ ಚೀಟಿ ಪಂಚಾಂಗದಿಂದ ಇವತ್ತೇ ತೆಗೆದು ಪರ್ಸಿನಲ್ಲಿ ಇಡು. ನಿನ್ನ ಬಳೆ ಅಡವು ಇಡುವ ಯೋಚನೆ ಬರೆದಿದ್ದೀಯಲ್ಲ, ಅದನ್ನು ಇಲ್ಲಿಗೇ ಬಿಡು.

ಬೇಸ್ ನುಡಿಸುವವನು ಕೆಳಗೆ ಕಾರು ನಿಲ್ಲಿಸಿ ಕರೆಯುತ್ತಿದ್ದಾನೆ, ಸಂಜೆ ಪಕ್ಕದ ಊರಲ್ಲಿ ಕಛೇರಿ. ಹೊರಡುತ್ತೇನೆ. ಪುಟ್ಟನಿಗೆ ಹೇಳು, 24ಕ್ಕೆ ಇಡೀ ದಿನ ನನ್ನ ಫೋನ್ ಕೈಯಲ್ಲೇ ಇರುತ್ತದೆ. ಅಪ್ಪನನ್ನು ಒಳಗೆ ಕರೆದ ಕೂಡಲೇ ಒಂದು ಮೆಸೇಜು, ಹೊರಗೆ ಬಂದ ಕೂಡಲೇ ಇನ್ನೊಂದು.

ನಿಮ್ಮ ಮಗಳು

ಅಪ್ಪ ಓದಿಸಿಕೊಂಡು ಆದ ಮೇಲೆ ಏನಂದರು ಅಂತ ಬರೆ. ಏನೂ ಅನ್ನದಿದ್ದರೆ ಅದನ್ನೂ ಬರೆ.