ಮಾರ್ಟಿ ಸಾಯುವ ಸಂಚಿಕೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಹಳೆಯ ಪತ್ತೇದಾರಿ ಧಾರಾವಾಹಿಗಳಲ್ಲಿ ಯಾವುದರಿಂದ ಆರಂಭಿಸಲಿ ಎಂದು ನೀನು ಕೇಳಿದ್ದೆ. ‘ರ್ಯಾಂಡಲ್ ಅಂಡ್ ಹಾಪ್‌ಕರ್ಕ್ – ಡಿಸೀಸ್ಡ್’ ಎಂಬುದು ನನ್ನ ಉತ್ತರ. ಡೆನ್ನಿಸ್ ಸ್ಪೂನರ್ ಅವರ ಕಲ್ಪನೆಯಲ್ಲಿ ಹುಟ್ಟಿ, ಮಾಂಟಿ ಬರ್ಮನ್ ಅವರ ನಿರ್ಮಾಣದಲ್ಲಿ ಬ್ರಿಟನ್ನಿನ ಐಟಿಸಿ ಎಂಬ ಟಿವಿ ನಿರ್ಮಾಣ ಸಂಸ್ಥೆಯಿಂದ ಹೊರಬಂದ ಇದು 1969ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾಗತೊಡಗಿ 26 ಸಂಚಿಕೆಗಳಿಗೆ ನಿಂತಿತು. ನಾನು ಮೊದಲ ಸಂಚಿಕೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಮುಂದಿನ ಸಂಚಿಕೆಗಳ ಲವಲವಿಕೆಯ ಅಡಿಯಲ್ಲಿರುವ ದುಃಖವನ್ನು ಇದೊಂದೇ ನೇರವಾಗಿ ತೋರಿಸುತ್ತದೆ.

ಜೆಫ್ ರ್ಯಾಂಡಲ್ ಮತ್ತು ಮಾರ್ಟಿ ಹಾಪ್‌ಕರ್ಕ್ ಲಂಡನ್ನಿನಲ್ಲಿ ಸಣ್ಣದೊಂದು ಖಾಸಗಿ ಪತ್ತೇದಾರಿ ಕಚೇರಿ ನಡೆಸುವ ಪಾಲುದಾರರು. ಹೆಂಡತಿಯನ್ನು ಕೊಲ್ಲಿಸಿ ಅದು ಸಹಜ ಸಾವೆಂದು ನಂಬಿಸಲು ಹೊರಟ ಶ್ರೀಮಂತ ವ್ಯಾಪಾರಿಯೊಬ್ಬನ ಪ್ರಕರಣ ಅವರ ಕೈಯಲ್ಲಿದೆ. ಮಾರ್ಟಿಗೆ ಅನುಮಾನ ಹುಟ್ಟುತ್ತದೆ. ಅಷ್ಟರಲ್ಲೇ ಕಾರೊಂದು ಬಂದು ಅವನನ್ನು ಕೆಡವಿ ಹೋಗುತ್ತದೆ. ಕೊಲೆಗಾರ ಯಾರೆಂಬುದು ನೋಡುಗರಿಗೆ ಬೇಗನೆ ತಿಳಿದುಬಿಡುವುದರಿಂದ ಒಗಟಾಗಿ ಈ ಕಥೆ ಸಾಧಾರಣವಾದದ್ದು. ಬರೆದ ರಾಲ್ಫ್ ಸ್ಮಾರ್ಟ್ ಅವರ ಮನಸ್ಸು ಒಗಟಿನ ಮೇಲಿರಲಿಲ್ಲ, ಸತ್ತವನು ಮತ್ತು ಉಳಿದವನ ಮೇಲಿತ್ತು ಎಂದು ನಾನು ನಂಬುತ್ತೇನೆ.

ಸತ್ತ ಮಾರ್ಟಿ ಬಿಳಿಯ ಸೂಟು ತೊಟ್ಟು ಮರಳಿ ಬರುತ್ತಾನೆ. ಅವನು ಕಾಣಿಸುವುದು, ಅವನ ಮಾತು ಕೇಳಿಸುವುದು ಜೆಫ್‌ಗೆ ಮಾತ್ರ. ಖಾಲಿ ಗಾಳಿಯೊಡನೆ ಮಾತಾಡುವ ಜೆಫ್‌ನನ್ನು ಕಂಡವರು, ಗೆಳೆಯನನ್ನು ಕಳೆದುಕೊಂಡು ಇವನ ಬುದ್ಧಿ ಕೆಟ್ಟಿದೆ ಎಂದುಕೊಳ್ಳುವುದು ಸಹಜವೇ. ಈ ಪರಿಸ್ಥಿತಿಯಿಂದ ನಗು ಹುಟ್ಟುತ್ತದೆ, ನಿಜ. ಆದರೆ ಮಾರ್ಟಿಯ ಹೆಂಡತಿ ಜೀನ್ ಇರುವ ದೃಶ್ಯಗಳನ್ನು ನೀನು ಗಮನವಿಟ್ಟು ನೋಡಬೇಕು. ಅದೇ ಕೋಣೆಯಲ್ಲಿ ನಿಂತಿರುವ ಗಂಡ ಅವಳಿಗೆ ಕಾಣುವುದಿಲ್ಲ. ಅವಳ ಅಳಲನ್ನು ಕೇಳುತ್ತಲೇ ಒಂದು ಸಮಾಧಾನದ ಮಾತನ್ನೂ ಅವನು ತಲುಪಿಸಲಾರ. ಎಲ್ಲವನ್ನೂ ಬಲ್ಲ ಜೆಫ್ ಸತ್ಯವನ್ನು ಹೇಳಿದರೆ ಅವಳ ಗಾಯವನ್ನು ಇನ್ನಷ್ಟು ಕೆದಕಿದಂತಾಗುತ್ತದೆಂದು ಬಾಯಿ ಕಟ್ಟಿಕೊಂಡಿರುತ್ತಾನೆ. ಈ ಮೂವರ ನಡುವಿನ ಮೌನ ನನ್ನನ್ನು ಈ ಸಂಚಿಕೆಗೆ ಮತ್ತೆ ಮತ್ತೆ ಎಳೆದು ತರುತ್ತದೆ.

ನಮ್ಮ ಊರುಗಳಲ್ಲಿ ಕೇಳಿದ ಕಥೆಗಳಲ್ಲಿ ಆಸೆ ತೀರದ ಪ್ರೇತ ಅಲೆಯುತ್ತದೆ, ಆಸೆ ತೀರಿದ ದಿನ ಅದಕ್ಕೆ ಬಿಡುಗಡೆ ಸಿಗುತ್ತದೆ. ಇಲ್ಲಿ ಲೆಕ್ಕ ತಲೆಕೆಳಗಾಗಿದೆ. ಸೂರ್ಯ ಹುಟ್ಟುವ ಮೊದಲು ಪ್ರತಿಯೊಂದು ಪ್ರೇತವೂ ಗೋರಿಗೆ ಮರಳಬೇಕು, ಮರಳದಿದ್ದರೆ ನೂರು ವರ್ಷ ಅದಕ್ಕೆ ಗೋರಿಯಲ್ಲಿ ಜಾಗವಿಲ್ಲ ಎಂಬ ಕಟ್ಟಳೆಯೊಂದು ಪದ್ಯರೂಪದಲ್ಲಿ ಬರುತ್ತದೆ. ಜೆಫ್‌ಗೆ ನೆರವಾಗುತ್ತಾ ಹೊರಗೇ ಉಳಿದ ಮಾರ್ಟಿಯ ಮೇಲೆ ಬೆಳಗಿನ ಬೆಳಕು ಬೀಳುತ್ತದೆ. ತಪ್ಪಿತಸ್ಥರ ಲೆಕ್ಕ ಮುಗಿದರೂ ಅವನಿಗೆ ಬಿಡುಗಡೆಯಿಲ್ಲ. ಅವನ ನಿಷ್ಠೆಯೇ ಅವನನ್ನು ಕಟ್ಟಿಹಾಕಿತು. ಆ ನೂರು ವರ್ಷದ ಅವಧಿ 2069ಕ್ಕೆ ಮುಗಿಯಬೇಕು. ಧಾರಾವಾಹಿ ಮುಂದುವರಿಯಲು ಭೂತ ಉಳಿಯಲೇಬೇಕಿತ್ತು ಎಂಬುದು ಯಾರಿಗಾದರೂ ತಿಳಿಯುತ್ತದೆ, ಆದರೆ ಆ ಅಗತ್ಯವನ್ನು ಪಾತ್ರವೊಂದು ತೆರುವ ಬೆಲೆಯನ್ನಾಗಿ ಮಾಡಿದ ಬರಹಗಾರರ ಕೌಶಲಕ್ಕೆ ನಾನು ತಲೆಬಾಗುತ್ತೇನೆ.

ನಿರ್ದೇಶಕ ಸಿರಿಲ್ ಫ್ರಾಂಕೆಲ್ ಅವರ ಬಳಿ ಇಂದಿನ ಗ್ರಾಫಿಕ್ಸ್ ಇರಲಿಲ್ಲ. ಮಾರ್ಟಿ ಮಾಯವಾಗಬೇಕಾದರೆ ಕ್ಯಾಮೆರಾ ನಿಲ್ಲಿಸಿ, ನಟ ಪಕ್ಕಕ್ಕೆ ಸರಿದ ಮೇಲೆ ಮತ್ತೆ ಚಾಲೂ ಮಾಡುವಂಥ ಸರಳ ಉಪಾಯಗಳೇ ಸಾಕಾಗಿದ್ದವು. ಮಾರ್ಟಿಯಾದ ಕೆನೆತ್ ಕೋಪ್ ಚುರುಕು, ಹಟಮಾರಿ. ಜೆಫ್ ಆದ ಮೈಕ್ ಪ್ರ್ಯಾಟ್ ಅವರದು ದಣಿದ, ಸುಕ್ಕುಗಟ್ಟಿದ ಮುಖ. ಆ ದಣಿವು ನನಗೆ ನಟನೆಯೆಂದು ಅನ್ನಿಸುವುದೇ ಇಲ್ಲ. ಪ್ರ್ಯಾಟ್ 1976ರಲ್ಲಿ, ಇನ್ನೂ 45ರ ವಯಸ್ಸಿನಲ್ಲಿ ತೀರಿಕೊಂಡರು; ಕೋಪ್ 2024ರವರೆಗೆ ಬದುಕಿದ್ದರು. ಕಥೆಯಲ್ಲಿ ಮೊದಲು ಸತ್ತವನ ಪಾತ್ರ ಮಾಡಿದವರೇ, ಜೆಫ್ ಆಗಿದ್ದವರಿಗಿಂತ ಹತ್ತಿರ ಹತ್ತಿರ ಅರ್ಧ ಶತಮಾನ ಹೆಚ್ಚು ಬಾಳಿದರು.

ಎರಡನೆಯ ಸಂಚಿಕೆಗೆ ಕೈಹಾಕುವ ಮುನ್ನ ನನಗೊಂದು ಕಾಗದ ಬರೆ. ಮಾರ್ಟಿ ಮರಳಿ ಬಂದದ್ದು ನ್ಯಾಯಕ್ಕಾಗಿಯೋ, ಜೆಫ್‌ಗಾಗಿಯೋ, ಜೀನ್‌ಳನ್ನು ಬಿಟ್ಟಿರಲಾರದೆಯೋ? ನಾನಂತೂ ಜೀನ್‌ಳ ಕಡೆಗೇ ವಾಲಿದ್ದೇನೆ. ನಿನಗೆ ಬೇರೆಯಾಗಿ ತೋರಿದರೆ ಯಾವ ದೃಶ್ಯದಿಂದ ಹಾಗೆನಿಸಿತೆಂದು ವಿವರವಾಗಿ ತಿಳಿಸು.

ಇಂತಿ,
ನಿನ್ನ ಗೆಳೆಯ