ಟಿ.ವಿ. ಇಂಗ್ಲಿಷಿಗೂ ಒಂದು ಚೌಕ ಕೊಡಿ

ಮಾನ್ಯ ಸಂಪಾದಕರೇ,

ಹನುಮಂತನಗರದಲ್ಲಿ 16 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಓದಿದ್ದು ತಿಪಟೂರಿನಲ್ಲಿ, ಕನ್ನಡ ಮಾಧ್ಯಮ, ಪಿಯುಸಿವರೆಗೆ. ಸೀರೆಗೆ ಫಾಲ್ ಹಾಕುವಾಗ ಮೊಬೈಲನ್ನು ನೂಲಿನ ಡಬ್ಬಕ್ಕೆ ಒರಗಿಸಿಕೊಂಡು ಇಂಗ್ಲಿಷ್ ಧಾರಾವಾಹಿ ನೋಡುತ್ತೇನೆ. ಅಂಗಡಿಗೆ ಬರುವ ಎಷ್ಟೋ ಜನಕ್ಕೆ ಕನ್ನಡ ಬರುವುದಿಲ್ಲ, ನಾನೇ ಕಲಿಯೋಣ ಅಂತ.

ಒಂದೊಂದು ಪದವೂ ಗೊತ್ತಿರುತ್ತದೆ, ಮಾತು ಮಾತ್ರ ಅರ್ಥವಾಗುವುದಿಲ್ಲ. ಹೋದ ಬೇಸಿಗೆಯಲ್ಲಿ ಒಬ್ಬರು ಟ್ರಯಲ್ ನೋಡಲು ಬಂದಿದ್ದರು. ಕರೆಂಟ್ ಪದೇ ಪದೇ ಹೋಗುತ್ತದೆ ಅಂತ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. 'ಟೆಲ್ ಮಿ ಅಬೌಟ್ ಇಟ್' ಅಂದರು. ಅದರ ಬಗ್ಗೆ ಹೇಳು ಅಂತ ತಾನೇ? ಮೆಷಿನ್ ನಿಲ್ಲಿಸಿ, ಎಷ್ಟು ಹೊತ್ತಿಗೆ ಹೋಗುತ್ತೆ, ಯಾವಾಗ ಬರುತ್ತೆ ಎಲ್ಲ ಹೇಳತೊಡಗಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ವಾಚ್ ನೋಡಿಕೊಂಡರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎಷ್ಟೋ ವಾರದ ಮೇಲೆ ಒಂದು ಧಾರಾವಾಹಿಯಲ್ಲಿ ಅದೇ ಮಾತು ಬಂತು. ಒಬ್ಬಳು ಬಾಡಿಗೆ ಜಾಸ್ತಿ ಅಂತ ಗೊಣಗುತ್ತಾಳೆ, ಗೆಳತಿ ಉಸ್ಸೆಂದು ಉಸಿರು ಬಿಟ್ಟು 'ಟೆಲ್ ಮಿ ಅಬೌಟ್ ಇಟ್' ಅನ್ನುತ್ತಾಳೆ, ಮಾತು ಬೇರೆ ಕಡೆ ಹೊರಳುತ್ತದೆ. ಹಿಂದಕ್ಕೆ ಹಾಕಿ ನಾಲ್ಕು ಸಲ ಕೇಳಿದೆ. ನಾವು 'ಅಯ್ಯೋ, ನನಗೇನು ಹೊಸದಾ!' ಅನ್ನುತ್ತೇವಲ್ಲ, ಅದೇ. ಸಬ್‌ಟೈಟಲ್‌ನಲ್ಲಿ ಅಕ್ಷರ ಬರುತ್ತದೆ, ಆ ಉಸಿರು ಬರುವುದಿಲ್ಲ.

'ಗಿವ್ ಮಿ ಎ ಹ್ಯಾಂಡ್' ಅಂದರೆ ಸ್ವಲ್ಪ ಸಹಾಯ ಮಾಡು. ನಮ್ಮಲ್ಲಿ ಕೈ ಕೊಡುವುದು ಅಂದರೆ ಕತೆಯೇ ಬೇರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಕೆಲಸದ ಹುಡುಗಿ ಕೈ ಕೊಟ್ಟಾಗ ಆ ಸಂಕಟ ಗೊತ್ತಾಗುತ್ತದೆ. 'ಪುಲ್ಲಿಂಗ್ ಮೈ ಲೆಗ್' ಮಾತ್ರ ನಮ್ಮ ಕಾಲೆಳೆಯುವುದೇ. ಖುಷಿಯ ಸುದ್ದಿ ಕೇಳಿದ ಗೆಳತಿಯರು 'ಶಟ್ ಅಪ್' ಅನ್ನುವುದೂ ಉಂಟು, ನಮ್ಮ 'ಹೋಗೇ, ಸುಳ್ಳು!' ಇದ್ದ ಹಾಗೆ. ಆದರೆ ಅತ್ತೆಗೆ 'ಹೋಗೇ' ಅನ್ನಲಾದೀತೆ? ಯಾವ ಮಾತನ್ನು ಯಾರ ಹತ್ತಿರ ಆಡಬಹುದು ಅನ್ನುವುದನ್ನು ನಮ್ಮಂಥವರಿಗೆ ಯಾರೂ ಹೇಳಿಕೊಡುವುದಿಲ್ಲ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ಮೂರು ತಿಂಗಳು ಹೋದೆ. ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರು. ಅದರಲ್ಲಿದ್ದ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ನಾನು ನೋಡಿದ ಯಾವ ಧಾರಾವಾಹಿಯಲ್ಲೂ ಕಿವಿಗೆ ಬಿದ್ದಿಲ್ಲ. ದಿನಾ ಬೀಳುವ 'ಮೈ ಬ್ಯಾಡ್', ಅಂದರೆ ತಪ್ಪು ನಂದೇ, 'ಐ ಆಮ್ ಗುಡ್', ಅಂದರೆ ನನಗೆ ಬೇಡ, ಇವೆರಡೂ ಪಟ್ಟಿಯಲ್ಲಿರಲಿಲ್ಲ. ಈಗ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನೇ ಬರೆದಿಡುತ್ತೇನೆ: ಪೂರ್ತಿ ವಾಕ್ಯ, ಯಾರು ಯಾರಿಗೆ ಅಂದರು, ಅದಕ್ಕೆ ಮುಂಚೆ ಏನಾಗಿತ್ತು.

ಪ್ರೊ. ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅಂಕಣ 1991ರಲ್ಲಿ ಶುರುವಾಯಿತು. ಓದುಗರು ಪದ ಕೇಳುವುದು, ಅವರು ಅರ್ಥ ಬಿಡಿಸಿ ಹೇಳುವುದು. ಅಪ್ಪ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಟೆನ್ಸು, ಆರ್ಟಿಕಲ್ಲು ಬರುತ್ತಿವೆ, ಬರಲಿ. ಪಕ್ಕದಲ್ಲಿ ವಾರಕ್ಕೊಂದು ಚಿಕ್ಕ ಚೌಕ ಕೊಡಿ: ಟಿ.ವಿ.ಯಲ್ಲಿ ಕೇಳಿಬರುವ ಒಂದು ಮಾತು, ಅದಕ್ಕೆ ಒಪ್ಪುವ ಕನ್ನಡದ ನುಡಿಗಟ್ಟು, ಎಷ್ಟು ಸಲಿಗೆಯಿದ್ದರೆ ಆಡಬಹುದು ಅಂತ ಒಂದು ಸಾಲು. ಪ್ರಶ್ನೆಗಳನ್ನು ನಾವೇ ಕಳಿಸುತ್ತೇವೆ. ನನ್ನ ಪುಸ್ತಕದಲ್ಲಿ ಬಿಡಿಸಲಾಗದೆ ಉಳಿದವು 23 ಇವೆ. ಮೊದಲನೆಯದು 'ನೋ ಸ್ಟ್ರಿಂಗ್ಸ್ ಅಟ್ಯಾಚ್ಡ್'. ಆ ದಾರ ಯಾವುದು, ಯಾವುದಕ್ಕೆ ಕಟ್ಟಿರುತ್ತಾರೆ?

– ಒಬ್ಬ ಓದುಗಿ, ಹನುಮಂತನಗರ, ಬೆಂಗಳೂರು