ಜನರೇಟರ್ ಕೊಟೇಷನ್‌ನಲ್ಲಿ ಟೋಟಲ್ ಮಾತ್ರ ನೋಡ್ಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದ್ರೆ ನಮ್ ಕೊಪ್ಪ, ಶೃಂಗೇರಿ ಕಡೆ ಲೈನ್ ಮೇಲೆ ಮರ ಬೀಳೋದು ಮಾಮೂಲಿ, ಒಂದ್ಸಲ ಹೋದ ಕರೆಂಟ್ ದಿನಗಟ್ಟಲೆ ಬರಲ್ಲ, ಅದಕ್ಕೇ ಈಗ ತೋಟದ ಮನೆಯವ್ರೆಲ್ಲ ಡೀಸೆಲ್ ಜನರೇಟರ್ ಕೂರಿಸ್ತಾ ಇದಾರೆ. ನಮ್ ಪಕ್ಕದ ಮನೆಯಲ್ಲಿ ವಯಸ್ಸಾದವ್ರಿಗೆ ಆಕ್ಸಿಜನ್ ಮೆಷಿನ್ ಹಾಕಿದಾರೆ, ಕರೆಂಟ್ ಇಲ್ದಿದ್ರೆ ಆಗೋದೇ ಇಲ್ಲ. ಅವ್ರು ತರಿಸಿದ ಮೂರು ಕೊಟೇಷನ್ ಓದಿದ ಮೇಲೆ ಈ ಪತ್ರ ಬರೀಲೇಬೇಕು ಅನ್ನಿಸ್ತು.

ಒಬ್ರು 15 ಕೆವಿಎ ಅಂತ ಬರೆದಿದ್ರು, ಇನ್ನೊಬ್ರು 12 ಕಿಲೋವ್ಯಾಟ್ ಅಂತ. ಮನೆಯವ್ರು ಎರಡನೇದು ಚಿಕ್ಕದು ಅಂದ್ಕೊಂಡಿದ್ರು, ಆದ್ರೆ 0.8 ಪವರ್ ಫ್ಯಾಕ್ಟರ್ ಲೆಕ್ಕದಲ್ಲಿ, ಅಂದ್ರೆ ಕೆವಿಎನ 0.8ರಿಂದ ಗುಣಿಸಿ ಕಿಲೋವ್ಯಾಟ್ ಮಾಡಿದ್ರೆ, ಎರಡೂ ಒಂದೇ. ಮೂರನೆಯವ್ರದ್ದು ಎಲ್ಲಕ್ಕಿಂತ ಕಡಿಮೆ ರೇಟು, ಆದ್ರೆ ಕೊನೇಲಿ ಸಣ್ಣಕ್ಷರದಲ್ಲಿ ಜಿಎಸ್‌ಟಿ ಎಕ್ಸ್‌ಟ್ರಾ, ಸಿವಿಲ್ ಕೆಲಸ ಪಾರ್ಟಿಯದ್ದು (ಅಂದ್ರೆ ಕೊಳ್ಳೋರದ್ದು), ಕೇಬಲ್ ಆ್ಯಕ್ಚುವಲ್ ಪ್ರಕಾರ (ಎಷ್ಟು ಹಿಡಿಯುತ್ತೋ ಅಷ್ಟಕ್ಕೆ ಬೇರೆ ದುಡ್ಡು) ಅಂತ ಇತ್ತು. ನಾಲ್ಕು ಲಕ್ಷದ ಮೆಷಿನ್‌ಗೆ 18 ಪರ್ಸೆಂಟ್ ಅಂದ್ರೆ 72 ಸಾವಿರ, ಅದರ ಮೇಲೆ ಕಾಂಕ್ರೀಟ್ ಬೆಡ್ಡು, ಶೆಡ್ಡಿಂದ ಮೀಟರ್ ಬೋರ್ಡ್‌ವರೆಗೆ ಕೇಬಲ್ಲು, ಹೊಗೆ ಪೈಪು, ಎಲ್ಲ ಸೇರಿಸಿ ನೋಡಿದ್ರೆ ಅದು ಕಡಿಮೆ ರೇಟಾಗಿ ಉಳಿಯೋದೇ ಇಲ್ಲ. ರೇಟು ತೀರಾ ಕಡಿಮೆ ಇದ್ರೆ 2023ರ ಜುಲೈನಿಂದ ಬಂದ ಸಿಪಿಸಿಬಿ 4 ಪ್ಲಸ್ ಅನ್ನೋ ಹೊಗೆ ಮಾಲಿನ್ಯ ನಿಯಮದ ಮೆಷಿನ್ನೇ ಕೊಡ್ತಾರಾ ಅಂತ ಕೇಳಿ ಬರೆಸ್ಕೊಳ್ಳಿ.

ಲೋಡ್ ಲೆಕ್ಕ ಒಬ್ರ ಕೊಟೇಷನ್‌ನಲ್ಲೂ ಇರ್ಲಿಲ್ಲ. 5 ಎಚ್‌ಪಿ ಪಂಪ್ ಓಡೋವಾಗ 4 ಕಿಲೋವ್ಯಾಟ್ ಹತ್ರ ತಗೊಳ್ಳುತ್ತೆ, ಆದ್ರೆ ಡೈರೆಕ್ಟ್ ಸ್ಟಾರ್ಟರ್ ಇದ್ರೆ ಸ್ಟಾರ್ಟ್ ಆಗೋ ಗಳಿಗೆಯಲ್ಲಿ ಓಡೋವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ಪಂಪ್ ಯಾವುದು, ಸ್ಟಾರ್ಟರ್ ಯಾವುದು ಅಂತ ಬಂದು ನೋಡದೆ ಫೋನಲ್ಲೇ ಸೈಜ್ ಹೇಳೋ ಕಾಂಟ್ರಾಕ್ಟರ್‌ನ ನಂಬೋದು ಹೇಗೆ? ಹಾಗಂತ ದೊಡ್ಡದು ತಂದು ನಾಲ್ಕು ಬಲ್ಬಿಗೆ ಓಡಿಸಿದ್ರೂ ಡೀಸೆಲ್ ದಂಡ, ಎಂಜಿನ್‌ಗೂ ಒಳ್ಳೇದಲ್ಲ.

ನನಗೆ ನಿಜವಾಗ್ಲೂ ಭಯ ಆಗಿದ್ದು ಬೇರೆ ವಿಷಯಕ್ಕೆ. ಒಬ್ರು ಆಟೋಮ್ಯಾಟಿಕ್ ಪ್ಯಾನೆಲ್, ನ್ಯೂಟ್ರಲ್ ಕೂಡ ಕಟ್ ಮಾಡೋ 4 ಪೋಲ್ ಚೇಂಜ್‌ಓವರ್ (ಲೈನ್ ಕರೆಂಟು, ಜನರೇಟರ್ ಕರೆಂಟು ಎರಡರಲ್ಲಿ ಒಂದನ್ನಷ್ಟೇ ಮನೆಗೆ ಬಿಡೋ ಸ್ವಿಚ್ಚು), ಮೆಷಿನ್‌ನ ಲೋಹದ ಮೈಗೆ ಎರಡು ನ್ಯೂಟ್ರಲ್‌ಗೆ ಎರಡು ಅಂತ ನಾಲ್ಕು ಅರ್ಥಿಂಗ್ ಗುಂಡಿ ಬರೆದಿದ್ರು. ಇನ್ನೊಬ್ರು ಬರೀ ‘ಅರ್ಥಿಂಗ್ ಸಹಿತ’ ಅಂತ ಬರೆದು ಬಿಟ್ಟಿದ್ರು. ಕಡಿಮೆ ರೇಟಿನವ್ರ ಹಾಳೆಯಲ್ಲಿ ಚೇಂಜ್‌ಓವರ್ ಅನ್ನೋ ಮಾತೇ ಇಲ್ಲ, ಕೇಳಿದ್ರೆ ಮೇನ್ ಆಫ್ ಮಾಡಿ ಜನರೇಟರ್ ಕರೆಂಟ್ ಕೊಟ್ರೆ ಸಾಕು ಅಂದ್ರಂತೆ! ಅವಸರದಲ್ಲಿ ಯಾರೋ ಮೇನ್ ಆಫ್ ಮಾಡೋದು ಮರೆತ್ರೆ ಜನರೇಟರ್ ಕರೆಂಟು ಸರ್ವಿಸ್ ವೈರಲ್ಲಿ ವಾಪಸ್ ಹೋಗಿ ಟ್ರಾನ್ಸ್‌ಫಾರ್ಮರ್ ಆಚೆ 11 ಸಾವಿರ ವೋಲ್ಟ್ ಲೈನ್‌ಗೂ ಏರಬಹುದು, ಅದೇ ಹೊತ್ತಿಗೆ ಲೈನ್‌ಮನ್ ಕಂಬದ ಮೇಲೆ ಇರ್ತಾನೆ. ಮಳೇಲಿ ನೆನ್ಕೊಂಡು ನಮಗೋಸ್ಕರಾನೇ ಕೆಲಸ ಮಾಡೋ ಹುಡುಗ ಅವನು. ಚೇಂಜ್‌ಓವರ್ ಬರೀದೇ ಇರೋ ಕೊಟೇಷನ್ನ ರೇಟೇ ನೋಡದೆ ಪಕ್ಕಕ್ಕಿಡಿ.

ಮೆಸ್ಕಾಂನವ್ರಿಗೆ ನನ್ನ ವಿನಂತಿ ಇಷ್ಟೇ. ಜನರೇಟರ್ ಕೊಟೇಷನ್‌ನಲ್ಲಿ ಏನೇನು ಇರ್ಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಮಾಡಿ ಪ್ರತಿ ಸೆಕ್ಷನ್ ಆಫೀಸಲ್ಲಿ ಅಂಟಿಸಿ, ಕೆವಿಎ, ಚೇಂಜ್‌ಓವರ್, ಅರ್ಥಿಂಗ್, ಕೇಬಲ್ ಸೈಜು, ಜಿಎಸ್‌ಟಿ, ವಾರಂಟಿ, ಸರ್ವಿಸ್‌ಗೆ ಯಾರು ಬರ್ತಾರೆ, ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟೊರೇಟ್ ಪರ್ಮಿಷನ್ ಬೇಕಾದ್ರೆ ಅದನ್ನ ಮಾಡಿಸೋದು ಯಾರು, ಇಷ್ಟು ಇದ್ರೂ ಸಾಕು, ಜನ ಅದನ್ನ ಕಾಂಟ್ರಾಕ್ಟರ್ ಮುಂದೆ ಇಟ್ಟು ತುಂಬಿಸ್ಕೊಳ್ತಾರೆ. ಮುಂದಿನ ಮುಂಗಾರಿಗೆ ಮೊದಲೇ ಇದು ಆಗ್ಲಿ.

ಇಂತಿ,
ಕೊಪ್ಪ ತಾಲ್ಲೂಕಿನ ಓದುಗ